ಪ್ರವಾಸದ ಮೊದಲ ದಿನ ಅಮೃತಾಪುರಕ್ಕೇ ಇರಲಿ

ಡಿಸೆಂಬರ್ ಬಂತೆಂದರೆ ಕಡೂರು, ಬೀರೂರು, ತರೀಕೆರೆ ರಸ್ತೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಮುಂದೆ ಬ್ಯಾನರ್ ಕಟ್ಟಿಕೊಂಡು ಹೊರಟ ಬಸ್ಸಿಗೆ ಮೊದಲ ದಿನವೇ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಎಲ್ಲವನ್ನೂ ಮುಗಿಸುವ ಅವಸರ. ಅಮೃತಾಪುರದ ಹೊಯ್ಸಳ ಗುಡಿಗೆ ಸಿಗುವುದು ಅರ್ಧ ಗಂಟೆ, ಅದೂ ಮೂತ್ರ ವಿಸರ್ಜನೆಗೆ ಇಳಿದ ಹೊತ್ತೂ ಸೇರಿ. ಮನೆಯಿಂದ ಹೊರಟ ಮೊದಲ ದಿನ ಮಕ್ಕಳ ಕಣ್ಣು ಚುರುಕಾಗಿರುತ್ತದೆ. ಮೂರನೆಯ ದಿನ ಬೇಲೂರಿಗೆ ಬರುವಷ್ಟರಲ್ಲಿ ಕಾಲು ಸೋತು, ಎಲ್ಲ ವಿಗ್ರಹವೂ ಒಂದೇ ಥರ ಕಾಣುತ್ತದೆ. ಹಾಗಾಗಿ ಗುಡಿ ನೋಡುವುದಾದರೆ ಮೊದಲ ದಿನವೇ, ಒಂದೇ ಗುಡಿ, ಪೂರ್ತಿಯಾಗಿ ನೋಡಬೇಕು.

ಕಳೆದ ಚಳಿಗಾಲ ಅಜ್ಜಂಪುರ ಕಡೆಯ ಪ್ರೌಢಶಾಲೆಯ ಮಕ್ಕಳ ಜೊತೆ ಹೋಗಿದ್ದೆ. ತರೀಕೆರೆಯಿಂದ ಅಮೃತಾಪುರಕ್ಕೆ ಸುಮಾರು 10 ಕಿಲೋಮೀಟರ್. ಹೊಯ್ಸಳ ದೊರೆ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಮಕ್ಕಳು ಎಂದಿನಂತೆ ಎಡಕ್ಕೆ ತಿರುಗಿ ಪ್ರದಕ್ಷಿಣೆ ಹೊರಟರು. ದಕ್ಷಿಣದ ಗೋಡೆಯ ರಾಮಾಯಣ ನೋಡುತ್ತಾ ಹೋದ ಹುಡುಗಿಯೊಬ್ಬಳು ನಿಂತು, ‘ಸರ್, ಕತೆ ಹಿಂದುಮುಂದಾಗಿದೆ’ ಎಂದಳು. ಅವಳು ಹೇಳಿದ್ದು ಸರಿ. ಅಲ್ಲಿನ 70 ಶಿಲ್ಪಪಟ್ಟಿಕೆಗಳು ಸಾಗುವುದು ಅಪ್ರದಕ್ಷಿಣವಾಗಿ; ಹೊಯ್ಸಳರಲ್ಲಿ ಇದು ಅಪರೂಪ. ಉತ್ತರದ ಗೋಡೆಯಲ್ಲಿ ಕೃಷ್ಣನ ಕತೆಗೆ 25, ಮಹಾಭಾರತಕ್ಕೆ 45. ಅವು ಮಾತ್ರ ಪ್ರದಕ್ಷಿಣೆಯ ಜಾಡಿನಲ್ಲೇ ಇವೆ. ಬೇರೆ ಗುಡಿಗಳ ಸಣ್ಣ ಪಟ್ಟಿಗಳಿಗಿಂತ ಇಲ್ಲಿನವು ದೊಡ್ಡವು. ಹೈಸ್ಕೂಲು ಮಕ್ಕಳ ಎತ್ತರಕ್ಕೆ ಓದಲು ಹೇಳಿ ಮಾಡಿಸಿದಂತಿವೆ. ಹಿಂದೆ ಹೋಗಿ ಮೊದಲಿಂದ ಶುರು ಮಾಡಿದೆವು. ಆಮೇಲೆ ಯಾರೂ ಗಡಿಬಿಡಿ ಮಾಡಲಿಲ್ಲ.

ಅಜ್ಜಂಪುರದ ಮಕ್ಕಳೆಂದ ಮೇಲೆ ದನದ ಮಾತು ಬರದೆ ಇರುತ್ತದೆಯೇ? ಅವರ ಊರಲ್ಲೇ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕೃಷ್ಣನ ಕತೆಯಲ್ಲಿ ಹಸು ಹುಡುಕಿ, ಕೊಂಬು ನೋಡಿ, ನಮ್ಮ ತಳಿ ಹೌದೋ ಅಲ್ಲವೋ ಎಂದು ಜೋರು ವಾದ ಹೂಡಿದರು. ಈ ತಳಿಗೆ ಮೂಲವಾದ ಮೈಸೂರು ಒಡೆಯರ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ ಗುಡಿ ಕಟ್ಟಿ ಸುಮಾರು ಐದು ಶತಮಾನ ಕಳೆದ ಮೇಲಿನದು ಎಂದು ಹೇಳಿದರೂ ವಾದ ನಿಲ್ಲಲಿಲ್ಲ. ಕಲ್ಲನ್ನು ಇಷ್ಟು ಹತ್ತಿರದಿಂದ ನೋಡಿದರಲ್ಲ, ನನಗೆ ಅಷ್ಟೇ ಬೇಕಿತ್ತು.

ಒಳಗಿನ ಸೊಗಸು ಛಾವಣಿಯಲ್ಲಿದೆ. ಮಲ್ಲಿತಮ್ಮನೆಂಬ ರೂವಾರಿ ತನ್ನ ಕಸುಬಿನ ಆರಂಭದಲ್ಲಿ ಕೆಲಸ ಮಾಡಿದ ಭುವನೇಶ್ವರಿಗಳು ಇವು. ಸೋಮನಾಥಪುರದ ಶಿಲ್ಪಗಳ ಕೆಳಗೂ ಈ ಹೆಸರು ಕಾಣುತ್ತದೆ. ಅಮೃತಾಪುರದ ಈ ಛಾವಣಿಯಡಿ ಬೆಳಕು ಕಡಿಮೆ. ಮೊಬೈಲ್ ಟಾರ್ಚಿನ ಬೆಳಕಿಗೆ ಕೆತ್ತನೆಯ ಆಳ ತಿಳಿಯದು, ಎಲ್ಲ ಚಪ್ಪಟೆಯಾಗುತ್ತದೆ. ಬುತ್ತಿಯ ಜೊತೆ ತಂದಿದ್ದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಮೇಲಕ್ಕೆ ಓರೆಯಾಗಿ ತಿರುಗಿಸಿದರೆ ಸುತ್ತುಸುತ್ತಾಗಿ ಏರುವ ಬಳೆಗಳು, ನಡುವಿನ ಇಳಿಮೊಗ್ಗು ನೆರಳು ಪಡೆದು ಎದ್ದು ಬರುತ್ತವೆ. ಒಬ್ಬ ತಟ್ಟೆ ಹಿಡಿದ, ಉಳಿದವರು ನೆಲದ ಮೇಲೆ ಅಂಗಾತ ಮಲಗಿದರು. ಒಂದು ಅಂಕಣದ ಛಾವಣಿ ಇನ್ನೊಂದರಂತಿಲ್ಲ ಎಂದು ಅವರೇ ಕಂಡುಕೊಂಡರು.

ಬಾಗಿಲ ಬಳಿಯ ಶಾಸನದ ಪದ್ಯಗಳು ಜನ್ನನವು. ‘ಯಶೋಧರ ಚರಿತೆ’ ಬರೆಯುವುದಕ್ಕೂ ಮುಂಚಿನ ಜನ್ನ! ಹಳೆಯ ಲಿಪಿಯಲ್ಲಿ ಗುರುತು ಸಿಕ್ಕ ಅಕ್ಷರಗಳನ್ನು ಹುಡುಗರು ಕೂಡಿಸಿ ಓದುತ್ತಿದ್ದರೆ, ಕನ್ನಡ ಮೇಷ್ಟ್ರು ಪಕ್ಕದಲ್ಲಿ ಕುಳಿತೇಬಿಟ್ಟರು.

ಈ ವರ್ಷ ಪಟ್ಟಿ ಸಿದ್ಧಪಡಿಸುತ್ತಿರುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಬೆಳಗಿನ ಬಿಸಿಲಿಗೇ ಗುಡಿ ಮುಟ್ಟಿ. ರಾಮಾಯಣವನ್ನು ಗರ್ಭಗುಡಿಯ ಕಡೆಯ ತುದಿಯಿಂದ ಬಾಗಿಲ ಕಡೆಗೆ ಓದಿಸಿ. ಮಧ್ಯಾಹ್ನದ ಬುತ್ತಿ ಊರಲ್ಲೇ ಬಿಚ್ಚಿ, ಊಟವಾದ ಮೇಲೆ ಇನ್ನೊಂದು ಸುತ್ತು ಹಾಕಿಸಿ. ಕಲ್ಲತ್ತಿಗಿರಿಯ ನೀರು ಮರುದಿನವೂ ಬೀಳುತ್ತಿರುತ್ತದೆ.