ಅಕ್ಷರವೋ ಆಕಾರವೋ: ಹಿಂದಿನ ಗಣಕಗಳ ಕನ್ನಡ ಕಡತಗಳು ಮತ್ತು ಭಾಷಿಕ ಪ್ರಾಮಾಣ್ಯ

ದಾವಣಗೆರೆಯ ಶಾಮನೂರಿನ ಮನೆಯೊಂದರಲ್ಲಿ ಉಳಿದಿದ್ದ ವಿಂಡೋಸ್ 98 ಗಣಕದಿಂದ ಈಚೆಗೆ ನನಗೊಂದು ಜಿಪ್ ಕಡತ ದೊರೆಯಿತು. ಅದರಲ್ಲಿದ್ದುದು ಆ ಭಾಗದ ಆಡುಮಾತಿನ ಬರಹರೂಪ. ಕಡತವು ಯಾವ ದೋಷಸೂಚನೆಯೂ ಇಲ್ಲದೆ ಬಿಚ್ಚಿಕೊಂಡಿತು. ತೆರೆಯ ಮೇಲೆ ಮೂಡಿದ್ದು ಮಾತ್ರ ಲ್ಯಾಟಿನ್ ಚಿಹ್ನೆಗಳ ಗೋಜಲು. ಇಂಥ ಕಡತಗಳನ್ನು ಪರಿವರ್ತಕಕ್ಕೆ ಒಡ್ಡಿ, ಹೊರಬಂದುದನ್ನು ನೇರವಾಗಿ ಪಠ್ಯಕೋಶಕ್ಕೆ ಸೇರಿಸುವ ರೂಢಿಯನ್ನು ಈ ಟಿಪ್ಪಣಿ ಪ್ರಶ್ನಿಸುತ್ತದೆ.

ಇಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಬೇಕು. ಜಿಪ್ ಸಂಕೋಚನವು ನಷ್ಟರಹಿತ: ಮರುಕಳಿಸುವ ಬೈಟ್‌ಸರಣಿಗಳನ್ನು ಚಿಕ್ಕದಾಗಿ ಸೂಚಿಸಿ, ಬಿಚ್ಚುವಾಗ ಇದ್ದಂತೆಯೇ ಮರಳಿಸುತ್ತದೆ, ಅದರೊಳಗಿನ ತಾಳೆಸಂಖ್ಯೆ ಬೈಟ್‌ಗಳು ಕೆಟ್ಟಿಲ್ಲವೆಂದು ಖಾತರಿಪಡಿಸುತ್ತದೆ. ಆ ಬೈಟ್‌ಗಳು ಯಾವ ಅಕ್ಷರಗಳೆಂಬುದು ಅದಕ್ಕೆ ತಿಳಿಯದು. ಅದನ್ನು ಹೇಳಬೇಕಾದದ್ದು ಸಂಕೇತೀಕರಣ.

1991ರ ಇಸ್ಕಿ ಮಾನಕವೂ ಅದೇ ವರ್ಷ ಹೊರಬಂದ ಯುನಿಕೋಡ್ ಕೂಡ ಅಕ್ಷರವನ್ನು ಸಂಕೇತಿಸುತ್ತವೆ. ‘ಕನ್ನಡ’ ಎಂಬ ಪದಕ್ಕೆ ಎರಡರಲ್ಲೂ 5 ಸಂಕೇತಗಳು: ಕ, ನ, ಹಲಂತ, ನ, ಡ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಿಂದಿನ ಅಕ್ಷರಶೈಲಿಗಳಲ್ಲಿ ಇದೇ ಪದಕ್ಕೆ 7 ಸಂಕೇತಗಳು: ಮೂರು ವ್ಯಂಜನಗಳ ಒಡಲುಗಳು, ಮೂರು ತಲಕಟ್ಟುಗಳು, ಒಂದು ನಒತ್ತು. ಅಲ್ಲಿ ಸಂಕೇತಗೊಂಡಿರುವುದು ಅಕ್ಷರವಲ್ಲ, ಆಕಾರ. ಅರ್ಥದ ಕೀಲಿಕೈ ಕಡತದೊಳಗಿಲ್ಲ, ಅಕ್ಷರಶೈಲಿಯಲ್ಲಿದೆ.

ಪರಿಣಾಮಗಳು ಎರಡು ಬಗೆಯವು. ಮೊದಲನೆಯದು ಕಣ್ಣಿಗೆ ಬೀಳುತ್ತದೆ. ಅರ್ಕಾವೊತ್ತು ಉಚ್ಚಾರಣೆಯಲ್ಲಿ ಮೊದಲು, ಬರವಣಿಗೆಯಲ್ಲಿ ಕೊನೆಗೆ; ಆಕಾರಸಂಕೇತ ಬರವಣಿಗೆಯ ಕ್ರಮವನ್ನೇ ಅನುಸರಿಸುತ್ತದೆ. ಪರಿವರ್ತಕ ಕ್ರಮವನ್ನು ತಿರುಗಿಸದಿದ್ದರೆ ‘ಸೂರ್ಯ’ ಎಂಬುದು ‘ಸೂಯರ್’ ಆಗುತ್ತದೆ. ಎರಡನೆಯದು ಕಣ್ಣಿಗೆ ಬೀಳದು, ಆದ್ದರಿಂದಲೇ ಹೆಚ್ಚು ಅಪಾಯಕಾರಿ. ‘ಹೊಂಟೀನಿ’ ಎಂಬ ರೂಪದ ‘ಟೀ’ ಆಕಾರಸಂಕೇತದಲ್ಲಿ ‘ಟಿ’ ಮತ್ತು ಪ್ರತ್ಯೇಕ ದೀರ್ಘಚಿಹ್ನೆ. ಪರಿವರ್ತಕ ಇವನ್ನು ಕೂಡಿಸದೆ ಬಿಟ್ಟರೂ ತೆರೆಯ ಮೇಲೆ ಪದ ಸರಿಯಾಗಿಯೇ ಕಾಣುತ್ತದೆ. ಯುನಿಕೋಡ್ ಎರಡೂ ಬರವಣಿಗೆಗಳನ್ನು ಸಮಾನವೆಂದು ಪರಿಗಣಿಸುತ್ತದೆ; ಆದರೆ ಆ ಸಮಾನತೆಯನ್ನು ಪಾಲಿಸದ ಶೋಧಕ ಒಂದೇ ಪದವನ್ನು ಎರಡಾಗಿ ಎಣಿಸುತ್ತದೆ. ಪುರುಷಪ್ರತ್ಯಯಗಳ ಆವರ್ತನವನ್ನು ಲೆಕ್ಕಹಾಕುವವರಿಗೆ ಇದು ಚಿಕ್ಕ ದೋಷವಲ್ಲ. ನಿಘಂಟಿನ ನೆರವಿನ ತಿದ್ದುಪಡಿಯೂ ಇಲ್ಲಿ ಸಾಲದು: ಆಡುಮಾತಿನ ರೂಪಗಳನ್ನು ಅದು ತಪ್ಪೆಂದೇ ಭಾವಿಸಿ ಶಿಷ್ಟರೂಪಕ್ಕೆ ಎಳೆದೀತು.

ಆಕಾರಸಂಕೇತವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡಕ್ಕೆ ಅಂತರ್ಗತ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ‘ನುಡಿ’, ‘ಬರಹ’ಗಳಂಥ ತಂತ್ರಾಂಶಗಳಿಲ್ಲದಿದ್ದರೆ ಶಾಮನೂರಿನ ಈ ಕಡತವೇ ಹುಟ್ಟುತ್ತಿರಲಿಲ್ಲ. ಆಕ್ಷೇಪವಿರುವುದು ಪರಿವರ್ತನೆಯನ್ನು ಬರಿಯ ತಾಂತ್ರಿಕ ಕೆಲಸವೆಂದು ಕಾಣುವ ನಮ್ಮ ಧೋರಣೆಯ ಬಗೆಗೆ. ಹಸ್ತಪ್ರತಿಯ ಲಿಪಿಕಾರನನ್ನು ಗ್ರಂಥಸಂಪಾದಕ ಹೇಗೆ ಶಂಕಿಸುತ್ತಾನೋ ಪರಿವರ್ತಕವನ್ನೂ ಹಾಗೆಯೇ ಶಂಕಿಸಬೇಕು. ಮೂಲ ಕಡತ, ಅದರ ಅಕ್ಷರಶೈಲಿ, ಬಳಸಿದ ಪರಿವರ್ತಕದ ಹೆಸರು ಮತ್ತು ಆವೃತ್ತಿ ಪಠ್ಯಕೋಶದ ಜೊತೆಯಲ್ಲೇ ಉಳಿಯಬೇಕು. ಇಲ್ಲವಾದರೆ ನಾಳೆ ನಾವು ‘ಪ್ರಾದೇಶಿಕ ವೈಶಿಷ್ಟ್ಯ’ವೆಂದು ವಿವರಿಸುವುದು ಜನರ ನುಡಿಯನ್ನಲ್ಲ, ಪರಿವರ್ತಕದ ತಪ್ಪನ್ನು.