ಯಾರನ್ನೂ ಕೇಳದ ದಾನ

2010ರ ಸೆಪ್ಟೆಂಬರಿನಲ್ಲಿ ಮಾರ್ಕ್ ಝುಕರ್‌ಬರ್ಗ್ ನ್ಯೂಜೆರ್ಸಿಯ ನ್ಯೂಅರ್ಕ್ ನಗರದ ಸರ್ಕಾರಿ ಶಾಲೆಗಳಿಗೆ 10 ಕೋಟಿ ಡಾಲರ್ ಘೋಷಿಸಿದ್ದು ಓಪ್ರಾ ವಿನ್‌ಫ್ರೇ ಅವರ ಟಿ.ವಿ. ಕಾರ್ಯಕ್ರಮದಲ್ಲಿ. ಊರಿನ ತಂದೆತಾಯಂದಿರಿಗೂ ಸುದ್ದಿ ಸಿಕ್ಕಿದ್ದು ಅಲ್ಲಿಂದಲೇ. ಡೇಲ್ ರಸಕಾಫ್ 2015ರಲ್ಲಿ ಬರೆದ ‘ದಿ ಪ್ರೈಜ್’ ಆ ಹಣದ ಜಾಡು ಹಿಡಿಯುವ ಪುಸ್ತಕ. ಬೇರೆ ದಾನಿಗಳೂ ಅಷ್ಟೇ ಸೇರಿಸಿದರು. ಒಟ್ಟಿನಲ್ಲಿ 2 ಕೋಟಿಗೂ ಹೆಚ್ಚು ಡಾಲರ್ ಸಲಹೆಗಾರರ ಪಾಲಾಯಿತು. ಕೆಲವರಿಗೆ ದಿನಕ್ಕೆ 1,000 ಡಾಲರ್. (‘ದಿನಗೂಲಿ’ ಎನ್ನಲು ನಾಲಗೆ ಏಳುವುದಿಲ್ಲ.)

ರಸಕಾಫ್ ಯಾರನ್ನೂ ಖಳರನ್ನಾಗಿಸುವುದಿಲ್ಲ. ಸರ್ಕಾರಿ ಹಣದಲ್ಲಿ ಖಾಸಗಿಯವರು ನಡೆಸುವ ಚಾರ್ಟರ್ ಶಾಲೆಗಳಲ್ಲಿ ಹಣ ತರಗತಿಯವರೆಗೆ ತಲುಪಿದ್ದನ್ನೂ, ಸರ್ಕಾರಿ ವ್ಯವಸ್ಥೆಯಲ್ಲಿ ನಡುವೆಯೇ ಸೋರಿದ್ದನ್ನೂ ಮುಚ್ಚಿಡದೆ ಹೇಳುತ್ತಾರೆ. ಈ ಪ್ರಾಮಾಣಿಕತೆ ನನಗೆ ಇಷ್ಟ.

ತಕರಾರು ಬೇರೆಡೆ ಇದೆ. ಊರನ್ನು ಕೇಳದಿದ್ದುದು ಅವರಿಗೆ ಯೋಜನೆಯ ದೊಡ್ಡ ತಪ್ಪು. ನನಗೆ ಅದೇ ಅದರ ಅಡಿಪಾಯವಾಗಿ ಕಾಣುತ್ತದೆ. 1995ರಿಂದಲೇ ಅಲ್ಲಿನ ಶಾಲೆಗಳು ರಾಜ್ಯ ಸರ್ಕಾರದ ಹಿಡಿತದಲ್ಲಿದ್ದವು. ಜನ ಆರಿಸಿದ ಶಾಲಾ ಮಂಡಳಿ ಸಲಹೆ ಕೊಡಬಹುದಿತ್ತು, ಅಷ್ಟೆ. ರಾಜ್ಯಪಾಲರು ಒಪ್ಪಿದರೆ ಸಾಕೆನ್ನುವ ಇಂಥ ಊರು ದಾನಿಗೆ ಇನ್ನೆಲ್ಲಿ ಸಿಕ್ಕೀತು? ಕೊನೆಗೂ ಊರನ್ನು ಕೇಳಿದ್ದು 2014ರ ಚುನಾವಣೆ. ಆಗ ಅದು ಮೇಯರ್ ಆಗಿ ಆರಿಸಿದ್ದು ಈ ಸುಧಾರಣೆಯನ್ನು ಕಟುವಾಗಿ ವಿರೋಧಿಸಿದ ಹೈಸ್ಕೂಲಿನ ಪ್ರಾಂಶುಪಾಲ, ರಾಸ್ ಬರಾಕಾ ಅವರನ್ನು.