ಮರುಳುಗಳ ನಗೆ, ಅಡ್ಮಿರಲ್ಲರ ಲೆಕ್ಕ

‘ವಾರ್ ಇನ್ ದ ಪೆಸಿಫಿಕ್’ ಎಂಬ ಕಂಪ್ಯೂಟರ್ ಆಟವನ್ನು ಪೂರ್ತಿ ಆಡಿ ಮುಗಿಸಲು ನಿಜವಾದ ಯುದ್ಧಕ್ಕೆ ಹಿಡಿದಷ್ಟೇ ಕಾಲ ಹಿಡಿಯಬಹುದು. ಉತ್ಪ್ರೇಕ್ಷೆಯ ಮಾತಲ್ಲ. ಇಲ್ಲಿ ಒಂದು ಸರದಿಯೆಂದರೆ ಯುದ್ಧದ ಒಂದು ದಿನ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಲ್ಲಿಂದ 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕುವವರೆಗೆ 1365 ದಿನ. ಎದುರಾಳಿಗೆ ಇಮೇಲಿನಲ್ಲಿ ದಿನಕ್ಕೊಂದು ಸರದಿ ತಪ್ಪದೆ ಕಳಿಸಿದರೂ ಮೂರು ಮುಕ್ಕಾಲು ವರ್ಷ ಬೇಕು. ನಡುವೆ ಯಾರದಾದರೂ ಮದುವೆ, ವರ್ಗಾವಣೆ, ಮನೆ ಕಟ್ಟಿಸುವ ಉಸಾಬರಿ ಬಂತೋ, ಆಟ ಯುದ್ಧಕ್ಕಿಂತ ಉದ್ದ.

ಗ್ಯಾರಿ ಗ್ರಿಗ್ಸ್‌ಬಿ ಮತ್ತು ಅವರ ಟು ಬೈ ತ್ರೀ ಗೇಮ್ಸ್ ತಂಡ 2004ರಲ್ಲಿ ಇದನ್ನು ಹೊರತಂದಿತು. 2009ರಲ್ಲಿ ‘ಅಡ್ಮಿರಲ್ಸ್ ಎಡಿಷನ್’ ಎಂಬ ಹಿಗ್ಗಿದ ಆವೃತ್ತಿ ಬಂತು. ಈಗ ಆಡುವವರು ಆಡುವುದು ಅದನ್ನೇ. ಭಾರತದಿಂದ ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಹಾಸಿದ ನಕಾಶೆ, ಅದರ ತುಂಬ ಆರು ಮೂಲೆಯ ಚಿಕ್ಕ ಚಿಕ್ಕ ಮನೆಗಳು. ಪ್ರತಿ ಹಡಗಿಗೂ ಹೆಸರಿದೆ, ಪೈಲಟ್ಟಿಗೂ ಹೆಸರಿದೆ, ಅವನ ಅನುಭವಕ್ಕೆ ಅಂಕವಿದೆ. ಜಪಾನಿನ ಪಕ್ಷ ಹಿಡಿದವನು ಯುದ್ಧದ ಜೊತೆಗೆ ಕಾರ್ಖಾನೆಗಳನ್ನೂ ನಡೆಸಬೇಕು. ಯಾವ ವಿಮಾನದ ಎಂಜಿನ್ ಎಷ್ಟು ತಯಾರಾಗಬೇಕು, ಬೋರ್ನಿಯೋದ ಎಣ್ಣೆ ಯಾವ ಟ್ಯಾಂಕರಿನಲ್ಲಿ ಯಾವ ಬಂದರಿಗೆ ಹೋಗಬೇಕು ಎಂಬುದೆಲ್ಲ ಅವನ ಪಾಲಿನ ಕೆಲಸ. ಒಂದು ಸರದಿಗೆ ಒಂದು ಸಂಜೆ ಪೂರ್ತಿ ಹೋದರೂ ಆಶ್ಚರ್ಯವಿಲ್ಲ.

ಆಟವಾಗಿ ಇದು ಸಾಧಾರಣ ಎಂದೇ ನನ್ನ ಅಭಿಪ್ರಾಯ. ತೆರೆಯ ಮೇಲೆ ಕಾಣುವುದು ಹೆಚ್ಚು ಕಡಿಮೆ ಕಛೇರಿಯ ಲೆಡ್ಜರು. ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡರೆ ಕೆಲವು ತಿಂಗಳಲ್ಲೇ ಅದರ ದಡ್ಡತನ ಬಯಲಾಗುತ್ತದೆ. ಇಷ್ಟಾಗಿಯೂ ಬಂದು ಇಪ್ಪತ್ತು ವರ್ಷ ದಾಟಿದ ಈ ಆಟಕ್ಕೆ ಇನ್ನೂ ಜೀವವಿದ್ದರೆ ಅದಕ್ಕೆ ಕಾರಣ ಆಟಗಾರರು ಕಟ್ಟಿಕೊಂಡ ಒಂದು ರೂಢಿ: ಆಡಿದ್ದನ್ನು ದಿನದಿನವೂ ಹಾಸ್ಯ ಬೆರೆಸಿ ಹೇಳುವ ಕಾಮೆಂಟರಿ. ಒಬ್ಬ ತನ್ನನ್ನೇ ಸೊಕ್ಕಿನ ಅಡ್ಮಿರಲ್ ಮಾಡಿಕೊಂಡು ದಿನಚರಿ ಬರೆಯುತ್ತಾನೆ. ಇನ್ನೊಬ್ಬ ಮೂಲೆಯ ಬಂದರಿನಲ್ಲಿ ಮರೆತುಹೋದ ಸಣ್ಣ ಹಡಗಿನ ಅಡುಗೆಯವನ ಬಾಯಲ್ಲಿ ಮಹಾಯುದ್ಧ ಹೇಳಿಸುತ್ತಾನೆ. ವಿಮರ್ಶೆಗೆ ಯೋಗ್ಯವಾದ ಕೃತಿ ಇದೇ. ಆಟ ಅದಕ್ಕೆ ಸಾಮಗ್ರಿ ಒದಗಿಸುತ್ತದೆ, ಅಷ್ಟೆ.

ಜಮಖಂಡಿ, ಮುಧೋಳದ ಕಡೆಯವರಿಗೆ ಇದು ಹೊಸ ರೂಢಿಯೇನಲ್ಲ. ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟವನ್ನು ನೋಡಿದವರಿಗೆ ಗೊತ್ತು: ಆಡುವವರು ಇಬ್ಬರು, ಮಾತಾಡುವವರು ಹತ್ತು ಮಂದಿ. ಎರಡೂ ಪಕ್ಷಕ್ಕೆ ಬುದ್ಧಿ ಹೇಳುವವರು ಅವರೇ, ಸೋತವನ ಮಾನ ಹರಾಜು ಹಾಕುವವರೂ ಅವರೇ. ಪೆಸಿಫಿಕ್ ಯುದ್ಧದ ಹಂದರವೂ ಹುಲಿ-ಕುರಿಯದೇ. ಮೊದಲಿಗೆ ಹುಲಿ ಬೇಕಾದಲ್ಲಿ ಜಿಗಿಯುತ್ತದೆ. 1941ರ ಡಿಸೆಂಬರ್ 10ರಂದು ಬ್ರಿಟಿಷರ ಯುದ್ಧನೌಕೆಗಳಾದ ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’ ಮುಳುಗುತ್ತವೆ. ಮರುವರ್ಷದ ಫೆಬ್ರವರಿ 15ಕ್ಕೆ ಸಿಂಗಪುರ ಹೋಗುತ್ತದೆ, ಮಾರ್ಚ್ 8ಕ್ಕೆ ರಂಗೂನ್. ಆಮೇಲೆ ಕುರಿಗಳು ಒಂದೊಂದಾಗಿ ಮನೆಗೆ ಇಳಿಯತೊಡಗುತ್ತವೆ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕ ಎಸೆಕ್ಸ್ ವರ್ಗದ ವಿಮಾನವಾಹಕ ಹಡಗುಗಳನ್ನೇ 17 ಸೇವೆಗೆ ಇಳಿಸಿತ್ತು. ಜಪಾನ್ ಪಕ್ಷದವನು ಇದನ್ನು ಮೊದಲ ದಿನದಿಂದ ಬಲ್ಲ. ಇತಿಹಾಸಕ್ಕಿಂತ ತುಸು ನಿಧಾನವಾಗಿ ಸೋತರೆ ಅವನ ಮಟ್ಟಿಗೆ ಅದೇ ಗೆಲುವು. ಸೋಲು ಖಾತ್ರಿಯಿದ್ದೂ ನಾಲ್ಕು ವರ್ಷ ಆಡುವ ಮನುಷ್ಯನಿಗೆ ನಗಲು ಬರದಿದ್ದರೆ ಕಷ್ಟ. ಒಳ್ಳೆಯ ಕಾಮೆಂಟರಿ ಬಹುಮಟ್ಟಿಗೆ ಜಪಾನ್ ಪಕ್ಷದಿಂದಲೇ ಬರುವುದಕ್ಕೆ ಇದೇ ಕಾರಣವಿರಬೇಕು. ಅಮೆರಿಕದ ಪಕ್ಷದವನದು ಶ್ರೀಮಂತನ ಜೋಕು, ಕೇಳುವವರು ಮರ್ಯಾದೆಗೆ ನಗುತ್ತಾರೆ.

ಈ ನಗೆ ಯಾವುದಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ? ಅಳತೆಗೋಲು ಹುಡುಕಲು ದೂರ ಹೋಗಬೇಕಿಲ್ಲ. ಸಾವಿರ ವರ್ಷದ ಹಿಂದೆ ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ ಬರೆದ. ಹದಿನೆಂಟು ದಿನದ ಯುದ್ಧ ಬಹುಪಾಲು ಮುಗಿದ ಮೇಲೆ ಕಾವ್ಯ ಶುರುವಾಗುತ್ತದೆ, ಹಿಂದೆ ಆದದ್ದನ್ನು ಸಿಂಹಾವಲೋಕನದಲ್ಲಿ ಕಾಣಿಸುತ್ತದೆ. ಆಡಿ ಮುಗಿದ ಸರದಿಯನ್ನು ತಿರುಗಿ ನೋಡಿ ಹೇಳುವ ನಮ್ಮ ಕಾಮೆಂಟರಿಕಾರರ ವಿಧಾನವೂ ಹೆಚ್ಚು ಕಡಿಮೆ ಹೀಗೆಯೇ. ಆ ಕಾವ್ಯದಲ್ಲಿ ವಿದೂಷಕನಿದ್ದಾನೆ. ಕಾವ್ಯ ಮೊದಲು ನಾಟಕವಾಗಿದ್ದಿರಬೇಕೆಂದು ಬಿ.ಎಂ. ಶ್ರೀಕಂಠಯ್ಯನವರಿಗೆ ಅನ್ನಿಸಿ ಅದನ್ನು ನಾಟಕಕ್ಕೆ ಅಳವಡಿಸಿದ್ದರ ಹಿಂದೆ ಇಂಥ ಪಾತ್ರಗಳೂ ಇವೆ. ನನಗೆ ಇಲ್ಲಿ ಮುಖ್ಯವಾದವನು ವಿದೂಷಕನಲ್ಲ, ರಣರಂಗದ ಮರುಳುಗಳು, ಎಂದರೆ ಪಿಶಾಚಿಗಳು. ಸಂಜಯನ ಜೊತೆ ಹೆಣಗಳನ್ನು ದಾಟುತ್ತ ನಡೆಯುವ ದುರ್ಯೋಧನನನ್ನು ಆ ಮರುಳುಗಳು ಗೇಲಿ ಮಾಡುತ್ತವೆ. ಸುತ್ತ ರಕ್ತ, ಕರುಳು, ಮುರಿದ ರಥ. ಮರುಳುಗಳಿಗೆ ಅದು ಊಟದ ಜಾಗ. ಅವು ನಗುವುದು ಮಾತ್ರ ಬಿದ್ದವರನ್ನು ನೋಡಿ ಅಲ್ಲ, ಇಷ್ಟಕ್ಕೆಲ್ಲ ಕಾರಣನಾಗಿ ಇನ್ನೂ ಛಲ ಬಿಡದೆ ನಡೆಯುತ್ತಿರುವ ದೊರೆಯನ್ನು ನೋಡಿ. ಹಾಗಂತ ಆ ನಗೆ ದುರ್ಯೋಧನನನ್ನು ಸಣ್ಣವನನ್ನಾಗಿಯೂ ಮಾಡುವುದಿಲ್ಲ. ಮುಂದೆ ಭೀಷ್ಮರ ಬಳಿ, ಕರ್ಣನ ಬಳಿ ಅವನು ನಿಂತಾಗ ನಮ್ಮ ಗಂಟಲು ಕಟ್ಟುತ್ತದೆ.

ಪೆಸಿಫಿಕ್ ಆಟದ ಹಾಸ್ಯವನ್ನು ಈ ಗೋಲಿನಿಂದ ಅಳೆದರೆ ಜೊಳ್ಳು ಬೇಗ ಹಾರಿಹೋಗುತ್ತದೆ. ಜಪಾನೀಯರ ಕಣ್ಣು, ಹಲ್ಲು, ಉಚ್ಚಾರಣೆ ಹಿಡಿದು ಆಡುವ ತಮಾಷೆ 1942ರ ಅಮೆರಿಕದ ಪ್ರಚಾರ ಚಿತ್ರಗಳಿಂದ ಎತ್ತಿಕೊಂಡ ತಂಗಳು. ಸೈನಿಕರನ್ನು ಹೊತ್ತ ಹಡಗು ಟಾರ್ಪೆಡೋ ಬಿದ್ದು ಮುಳುಗಿದಾಗ ‘ಮೀನಿಗೆ ಹಬ್ಬ’ ಎನ್ನುವವನು ಮರುಳುಗಳಿಗಿಂತ ಕೆಳಗಿನವನು. ಇಂಥವರು ಕಡಿಮೆಯಿಲ್ಲ, ಬೇಜಾರಾಗುವಷ್ಟು ಇದ್ದಾರೆ. ಇನ್ನೊಂದು ಪಂಗಡ ಸರದಿಗೊಂದು ಸಿನಿಮಾ ಡೈಲಾಗ್ ಅಂಟಿಸಿ ಹಾಸ್ಯವಾಯಿತು ಎಂದುಕೊಳ್ಳುತ್ತದೆ. ಅವರ ಬಗ್ಗೆ ಹೇಳುವುದೇನೂ ಇಲ್ಲ.

ಒಳ್ಳೆಯ ಕಾಮೆಂಟರಿಯ ಗುರಿ ಸದಾ ಅಧಿಕಾರ ಹಿಡಿದವನು, ಎಂದರೆ ಸ್ವತಃ ಆಟಗಾರ. ಮೌಸು ಹಿಡಿದು ಕೂತವನಿಗೆ ತಾನು ಜಪಾನಿನ ಅಡ್ಮಿರಲ್ ಯಮಾಮೊಟೊ ಎನಿಸುತ್ತದೆ, ಟ್ಯಾಂಕರಿಗೆ ಕಾವಲು ಹಡಗು ಕೊಡುವುದು ಮಾತ್ರ ಮರೆತುಹೋಗಿರುತ್ತದೆ. ಜಮಖಂಡಿಯ ಗೆಳೆಯರ ಮನೆಯಲ್ಲಿ ಇದನ್ನು ಆಡುವಾಗ ಒಬ್ಬರು ಆ ಟ್ಯಾಂಕರಿನ ಕಪ್ತಾನನ ದನಿ ತೆಗೆದರು: “ನಾ ಹೋಗತೇನ್ರಿ ಸಾಹೇಬ್ರ, ಇಲ್ಲ ಅನ್ನೂದಿಲ್ಲ. ಖರೆ, ನನ್ನ ಹಿಂದ ಬರತೈತಿ ಅಂದ ಡೆಸ್ಟ್ರಾಯರ್ ಎಲ್ಲೈತ್ರಿ? ಅದೂ ಎಣ್ಣಿ ಇಲ್ಲಂತ ಕುಂತೈತೇನ್ರಿ?” ಆ ‘ಸಾಹೇಬ್ರ’ದಲ್ಲಿರುವ ವಿನಯವೇ ಚುಚ್ಚುವುದು. ನಮ್ಮ ಸೀಮೆಯ ಮಾತಿಗೆ ಈ ಕಲೆ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಪಳಗಿ ಬಂದದ್ದು. ಅಪರಾಳ ತಮ್ಮಣ್ಣ ಕಟ್ಟಿ, ಕುಲಗೋಡ ತಮ್ಮಣ್ಣ ಬೆಳೆಸಿದ ಆ ಆಟದಲ್ಲಿ ಒಂದು ಹೂವಿನ ಸಲುವಾಗಿ ಸತ್ಯಭಾಮೆ, ರುಕ್ಮಿಣಿಯರ ನಡುವೆ ಯುದ್ಧವೇ ಆಗುತ್ತದೆ. ಸಾಕ್ಷಾತ್ ಕೃಷ್ಣನನ್ನೂ ದೂತಿ ನೆಲಕ್ಕೆ ಇಳಿಸುತ್ತಾಳೆ, ಅದಕ್ಕೆ ಭಾಗವತನ ಸಾಥ್ ಇರುತ್ತದೆ. ದೇವರನ್ನು ‘ರೀ’ ಅನ್ನುತ್ತಲೇ ಕಟಕಿಯಾಡಬಲ್ಲ ಮಾತಿಗೆ ಒಬ್ಬ ಅಡ್ಮಿರಲ್ ಯಾವ ಲೆಕ್ಕ?

ಇಂಗ್ಲಿಷ್ ಕಾಮೆಂಟರಿಗಳಲ್ಲಿ ಎಷ್ಟೇ ಚಾತುರ್ಯವಿರಲಿ, ಅವುಗಳಲ್ಲಿ ಬಹುಪಾಲು ಅಧಿಕಾರಿಯ ಕೋಣೆಯಿಂದ ಹೊರಗೆ ಬರುವುದಿಲ್ಲ. ನಗೆ ಇರುತ್ತದೆ, ಅದು ಸಹೋದ್ಯೋಗಿಗಳ ನಗೆ. ಕೆಳಗಿನಿಂದ ಮೇಲಕ್ಕೆ ಹಾರುವ ಕಟಕಿ ವಿರಳ.

ಅಡ್ಮಿರಲ್ಲರು ಈ ಕಟಕಿಗೆ ಅರ್ಹರು ಎಂಬುದಕ್ಕೆ ಇತಿಹಾಸವೇ ಸಾಕ್ಷಿ ಕೊಟ್ಟಿದೆ. 1942ರ ಮೇ ತಿಂಗಳಲ್ಲಿ ಜಪಾನಿನ ನೌಕಾ ಅಧಿಕಾರಿಗಳು ‘ಯಮಾಟೊ’ ಹಡಗಿನಲ್ಲಿ ಸೇರಿ ಮಿಡ್‌ವೇ ಕಾರ್ಯಾಚರಣೆಯನ್ನು ಮೇಜಿನ ಮೇಲೆ ಆಡಿ ನೋಡಿದರು. ಅದೂ ಯುದ್ಧತಂತ್ರದ ಆಟವೇ, ದಾಳ ಹಾಕಿ ಆಡುವಂಥದ್ದು. ಅಮೆರಿಕದ ವಿಮಾನಗಳ ಪರವಾಗಿ ದಾಳ ಬಿತ್ತು. ಒಂಬತ್ತು ಬಾಂಬು ತಗುಲಿ ವಿಮಾನವಾಹಕ ಹಡಗುಗಳಾದ ‘ಅಕಾಗಿ’, ‘ಕಾಗಾ’ ಎರಡೂ ಮುಳುಗಿದವೆಂದು ತೀರ್ಪಾಯಿತು. ಸಂಯುಕ್ತ ನೌಕಾಪಡೆಯ ಮುಖ್ಯ ಸಿಬ್ಬಂದಿ ಅಧಿಕಾರಿ ಉಗಾಕಿ ಮಧ್ಯೆ ಬಾಯಿ ಹಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ‘ಅಕಾಗಿ’ ಬದುಕಿತು. ಮುಳುಗಿದ್ದ ‘ಕಾಗಾ’ವೂ ಆಟದ ಮುಂದಿನ ಭಾಗದಲ್ಲಿ ಏನೂ ಆಗದಂತೆ ಹಾಜರಾಯಿತು. ಜಪಾನಿನ ನೌಕಾ ಅಧಿಕಾರಿಗಳಾಗಿದ್ದ ಫುಚಿಡಾ ಮತ್ತು ಒಕುಮಿಯಾ ಯುದ್ಧದ ನಂತರ ತಮ್ಮ ಪುಸ್ತಕದಲ್ಲಿ ಇದನ್ನು ಹೇಳಿದ್ದಾರೆ. ಸುಮಾರು ಒಂದು ತಿಂಗಳ ಮೇಲೆ, ಜೂನ್ 4ರಂದು, ನಿಜವಾದ ಬಾಂಬುಗಳು ಬಿದ್ದವು. ‘ಅಕಾಗಿ’, ‘ಕಾಗಾ’ಗಳ ಜೊತೆಗೆ ‘ಸೊರ್ಯು’, ‘ಹಿರ್ಯು’ ಕೂಡ ಹೋದವು. ಆಗ ತೀರ್ಪು ತಿದ್ದಲು ಯಾರಿಗೂ ಆಗಲಿಲ್ಲ. ಕಟ್ಟೆಯ ಮೇಲೆ ಕುರಿಯೊಂದನ್ನು ಕದ್ದು ತಿರುಗಿ ಇಟ್ಟಿದ್ದರೂ ಹತ್ತು ಮಂದಿ ಕೈ ಹಿಡಿಯುತ್ತಿದ್ದರು. ‘ಯಮಾಟೊ’ದ ಮೇಲೆ ಅಂಥ ಬಾಯಿಬಡುಕರು ಇರಲಿಲ್ಲ. ಕಾಮೆಂಟರಿ ಬರೀ ಮನರಂಜನೆ ಎನ್ನುವವರಿಗೆ ನಾನು ಈ ಪ್ರಸಂಗ ತೋರಿಸುತ್ತೇನೆ.

ಆಟದ ದೊಡ್ಡ ಕೊರತೆ ಬೇರೆ ಕಡೆ ಇದೆ, ಹಾಸ್ಯವೂ ಅದನ್ನು ತುಂಬಿಕೊಟ್ಟಿಲ್ಲ. ನಕಾಶೆಯ ಒಂದು ಮನೆಗೆ 40 ನಾಟಿಕಲ್ ಮೈಲಿ, ಎಂದರೆ ಸುಮಾರು 74 ಕಿಲೋಮೀಟರ್ ಅಳತೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇಷ್ಟೂ ಅಂಥ ಒಂದೇ ಮನೆಯ ಅಳತೆಯಲ್ಲಿ ಕುಳಿತುಬಿಡುತ್ತವೆ. 1941ರಲ್ಲಿ ಆ ಒಂದು ಮನೆಯೊಳಗೆ ನಾಲ್ಕು ಆಡಳಿತವಿತ್ತು! ಜಮಖಂಡಿ ಪಟವರ್ಧನರದು, ಬನಹಟ್ಟಿಯೂ ಅದಕ್ಕೆ ಸೇರಿದ್ದು. ಮುಧೋಳ ಘೋರ್ಪಡೆಯವರದು. ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಹಡಗಿಗೂ ಪೈಲಟ್ಟಿಗೂ ಹೆಸರು ಕೊಟ್ಟ ಆಟಕ್ಕೆ ಈ ನೆಲ ಮಾಲು ಸಾಗಿಸುವ ದಾರಿ ಮಾತ್ರ. ಭಾರತವೇ ಅದರ ಕಣ್ಣಿಗೆ ಒಂದು ಗೋದಾಮು.

ಯುದ್ಧ ಈ ಸೀಮೆಯನ್ನು ಮುಟ್ಟಿರಲಿಲ್ಲವೆಂದಲ್ಲ. ಬರ್ಮಾ ಬಿದ್ದು ಅಲ್ಲಿಂದ ಬರುವ ಅಕ್ಕಿ ನಿಂತಿತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನೀ ಬಾಂಬು ಬಿದ್ದವು. 1943ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ ಮತ್ತು ನೂಲಿಗೆ ನಿಯಂತ್ರಣ ಆದೇಶ ಹೊರಡಿಸಿತು. ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲಿ ಕುಳಿತು ಆ ಆದೇಶವನ್ನು ಓದಿದರೆ ಯುದ್ಧ ಬೇರೆಯದೇ ಕಾಣುತ್ತದೆ. 1944ರ ಮಾರ್ಚ್ 22ರಿಂದ 26ರವರೆಗೆ ಮಣಿಪುರದ ಸಾಂಗ್‌ಶಾಕಿನಲ್ಲಿ ಜಪಾನೀಯರನ್ನು ತಡೆದು ನಿಂತವರಲ್ಲಿ ಮರಾಠಾ ರೆಜಿಮೆಂಟಿನ ಒಂದು ಬೆಟಾಲಿಯನ್ ಇತ್ತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಪಕ್ಕದ ಬೆಳಗಾವಿ. ಇನ್ನು ಬಂಗಾಳ. 1943ರ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಜಪಾನೀಯರ ಕೈಗೆ ಸಿಗಬಾರದೆಂದು ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡದ್ದು ಅದರ ಕಾರಣಗಳಲ್ಲೊಂದು. ಎಣ್ಣೆಯ ಟನ್ನು ಟನ್ನಿಗೂ ಲೆಕ್ಕವಿಡುವ ಆಟದಲ್ಲಿ ಈ ಹಸಿವಿಗೆ ಒಂದು ಕಾಲಮ್ಮೂ ಇಲ್ಲ. ಕಲ್ಕತ್ತೆಯ ಬಂದರಿನಲ್ಲಿ ಸರಬರಾಜು ಭರ್ತಿ ಇದ್ದರೆ ಆಟಗಾರ ಸಮಾಧಾನದಿಂದ ಸರದಿ ಮುಗಿಸುತ್ತಾನೆ.

ಮರುಳುಗಳು ಬಾಯಿ ಬಿಡಬೇಕಾದ ಜಾಗ ಇದು. ನಾನು ಕಂಡ ಕಾಮೆಂಟರಿಗಳಲ್ಲಿ ಒಬ್ಬರೂ ಇಲ್ಲಿ ನಿಂತಿಲ್ಲ. ಕ್ಷಾಮದ ಮೇಲೆ ನಗೆಯಾಡಬೇಕೆಂದು ನಾನು ಹೇಳುತ್ತಿಲ್ಲ. ಸರಬರಾಜಿನ ಅಂಕಿ ನೋಡಿ ಹಿಗ್ಗುವ ಸಾಹೇಬರನ್ನು ನೋಡಿ ಗೋದಾಮಿನ ಹಮಾಲನೊಬ್ಬ ಒಂದು ಮಾತು ಆಡಿದರೆ ಸಾಕಿತ್ತು. ಆ ಮಾತು ಆಡಬಲ್ಲ ನುಡಿ ನಮ್ಮಲ್ಲಿದೆ, ಆಡುವ ಹುಡುಗರೂ ಇದ್ದಾರೆ. ಅವರು ಕ್ರಿಕೆಟ್ ಆಟಕ್ಕೆ, ಗುಂಡು ಹಾರಿಸುವ ಮೊಬೈಲ್ ಆಟಕ್ಕೆ ಉತ್ತರ ಕರ್ನಾಟಕದ ಮಾತಿನಲ್ಲಿ ಕಾಮೆಂಟರಿ ಹೇಳಿ ನಗಿಸುತ್ತಲೇ ಇದ್ದಾರೆ. ಅಲ್ಲಿ ಸಿಗುವ ನಗೆ ಅರ್ಧ ನಿಮಿಷದ್ದು. ಪೆಸಿಫಿಕ್ ಆಟ ನಾಲ್ಕು ವರ್ಷದ ಕಥೆಗೆ ಜಾಗ ಕೊಡುತ್ತದೆ.

ನನ್ನ ತೀರ್ಪು ಇಷ್ಟು: ಬರೀ ಆಡುವುದಕ್ಕಾದರೆ ಈ ಆಟ ಬೇಡ, ಹೇಳುವುದಕ್ಕಾದರೆ ಇದಕ್ಕೆ ಸಾಟಿ ಕಡಿಮೆ. 1365 ದಿನದ ಪೂರ್ತಿ ಯುದ್ಧಕ್ಕೆ ಕೈ ಹಾಕಬೇಡಿ, ಸಂಸಾರ ಕೆಡುತ್ತದೆ. ಗ್ವಾಡಲ್‌ಕೆನಾಲ್ ಅಥವಾ ಕೋರಲ್ ಸೀ ಎಂಬ ಸಣ್ಣ ಸನ್ನಿವೇಶಗಳು ಅದರಲ್ಲೇ ಇವೆ, ಅಲ್ಲಿಂದ ಶುರು ಮಾಡಿ. ಜಪಾನ್ ಪಕ್ಷ ತಗೊಳ್ಳಿ. ಒಬ್ಬರೇ ಕೂಡಬೇಡಿ, ನಿಮ್ಮ ತಪ್ಪನ್ನು ‘ರೀ’ ಹಚ್ಚಿ ಎತ್ತಿ ಆಡುವ ಒಬ್ಬ ಗೆಳೆಯನನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ, ಅವನು ಹೇಳಿದ್ದನ್ನು ಬರೆದಿಡಿ.